ಬೂದಿ ಬಟ್ಟಲು

ಒಲೆಯ ಬೂದಿಯ ವಾಸನೆ ಬಂದರೆ ಈಗಲೂ ನನ್ನ ಬೆರಳು ಸುಮ್ಮನಿರುವುದಿಲ್ಲ.

ಇಳಕಲ್ಲಿನ ನಮ್ಮ ಮನೆಯಲ್ಲಿ ಆ ಮಧ್ಯಾಹ್ನ ಅವ್ವ ಮಗ್ಗದ ಮುಂದೆ ಕೂತು ಸೀರೆಯ ಒಡಲಿಗೆ ಕೆಂಪು ಸೆರಗಿನ ಎಳೆಗಳನ್ನು ಒಂದೊಂದಾಗಿ ಕೂಡಿಸುತ್ತಿದ್ದಳು. ನನ್ನ ತಮ್ಮ ತೊಟ್ಟಿಲಲ್ಲೇ ತೀರಿಕೊಂಡ ಮೇಲೆ ಅವಳ ಕೈ ನಡುಗಿ ಎಳೆ ಹರಿಯದ ದಿನವಿರಲಿಲ್ಲ. ದವಾಖಾನೆಯ ನರ್ಸಬಾಯಿಯ ಜೊತೆ ಚರ್ಚಿಗೆ ಹೋಗತೊಡಗಿದ ಮೇಲೆ ಒಂದೂ ಹರಿದಿರಲಿಲ್ಲ. ನನಗೆ ಆ ಶಾಂತಿ ಸಹಿಸಲಾಗಲಿಲ್ಲ. ತಮ್ಮನನ್ನು ಇಷ್ಟು ಬೇಗ ಮರೆತಳೇ?

ಬೇಕಂತಲೇ ಒಂದು ಎಳೆ ಹರಿದೆ.

ಅವ್ವ ನೋಡಿದಳು, ಬೈಯಲಿಲ್ಲ. ಎಳೆ ಜಾರದಂತೆ ಹೊಸೆಯಲು ಪಕ್ಕದ ಬೂದಿ ಬಟ್ಟಲಿಗೆ ಬೆರಳು ಅದ್ದಿದಳು.

ಬಾಗಿಲಲ್ಲಿ ಕೂತಿದ್ದ ಆಯಿ, ಅಂದರೆ ಅಪ್ಪನ ಅವ್ವ, ಅಷ್ಟಕ್ಕೇ ಸಿಡಿದಳು. ಸೊಸೆ ವಿಭೂತಿ ಬಿಟ್ಟ ಸಿಟ್ಟು ಅವಳಲ್ಲಿ ಕುದಿಯುತ್ತಲೇ ಇತ್ತು.

"ಹಣಿಗೆ ಬ್ಯಾಡಾದ ಬೂದಿ ಕೈಗೆ ಯಾಕ ಬೇಕವಾ?"

"ಹರದದ್ದು ಕೂಡಬೇಕಲ್ರಿ, ಅತ್ತಿ," ಎಂದಳು ಅವ್ವ, ತಲೆ ಎತ್ತದೆ.

ಆಯಿ ಆ ನಡುಗದ ಕೈಗಳನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು: "ಅಲ್ಲಿ ಪ್ರಾರ್ಥನಿ ಮಾಡುವಾಗ ನಮ್ಮ ಕೂಸಿನ ಹೆಸರು ತಗೋತೀಯೇನ?"

"ಮೊದಲ ಅವಂದ ತಗೋತೇನ್ರಿ."

ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಅವ್ವನ ಎದುರು ಬಂದು ಕೂತಳು. ತಾನೂ ಬೂದಿಗೆ ಬೆರಳು ಅದ್ದಿದಳು. ಇಬ್ಬರೂ ಎಳೆಗೆ ಎಳೆ ಹೊಸೆಯತೊಡಗಿದರು.

ನಾನು ಮಾತ್ರ ಆ ಶಾಂತಿಯ ಹೊರಗೇ ಉಳಿದು, ಹರಿಯಲು ಇನ್ನೊಂದು ಎಳೆ ಹುಡುಕುತ್ತಿದ್ದೆ.