ಮೈಕಿನೊಳಗಿನ ಆನೆ

ಪಾಳ್ಯದ ದಾರಿಯ ತಿರುವಿನಲ್ಲಿ ನಾಸಿರ್ ಗಕ್ಕನೆ ಜೀಪು ನಿಲ್ಲಿಸಿದ. ಬಲಗಡೆ, ಕಾಫಿ ತೋಟದ ಬೇಲಿಯಾಚೆ ಒಂಟಿ ಸಲಗ ನಿಂತಿತ್ತು. ಕಿವಿಯೂ ಅಲ್ಲಾಡುತ್ತಿರಲಿಲ್ಲ, ಯಾರಾದರೂ ಬಂಡೆ ಎಂದುಕೊಂಡು ದಾಟಿ ಹೋಗುವಂತಿತ್ತು. ಇಳಿಜಾರಿನ ಕೆಳಗಿನಿಂದ, ಅದೇ ಬೇಲಿಯ ಪಕ್ಕಕ್ಕೆ, ಕಾಫಿ ಹಣ್ಣು ಕುಯ್ಯುವ ಹೆಂಗಸರು ತಲೆ ಮೇಲೆ ಸೌದೆ ಹೊತ್ತು ಹರಟುತ್ತ ಹತ್ತಿ ಬರುತ್ತಿದ್ದರು. ಎಲ್ಲರಿಗಿಂತ ಮುಂದೆ ಚೌಡಮ್ಮ.

ಬೇರೆ ದಿನವಾಗಿದ್ದರೆ ಅವರೆಲ್ಲ ಈ ಹೊತ್ತಿಗೆ ಇದೇ ಜೀಪಿನಲ್ಲಿ ಮನೆ ಸೇರಿರುತ್ತಿದ್ದರು. ಶಾಸಕರು ತೀರಿಕೊಂಡು ಉಪಚುನಾವಣೆ ಬಂದದ್ದೇ ತಡ, ಬಾಡಿಗೆ ಹೆಚ್ಚು ಸಿಗುತ್ತದೆಂದು ನಾಸಿರ್ ಜೀಪನ್ನು ಪ್ರಚಾರಕ್ಕೆ ಒಪ್ಪಿಸಿದ್ದ. ಅಂದಿನಿಂದ ಅವರದು ಕಾಲ್ನಡಿಗೆ.

'ಆನೆ ಹಾವಳಿಗೆ ಶಾಶ್ವತ ಪರಿಹಾರ' ಎಂದು ಒಂದೇ ಸಮನೆ ಕೂಗುತ್ತಿದ್ದ ರೆಕಾರ್ಡಿಂಗ್ ನಿಲ್ಲಿಸಿ ಅವನು ಮೈಕ್ ಹಿಡಿದ.

"ಆನೆ ಐತೆ! ಆನೆ! ಮುಂದಕ್ಕೆ ಬರಬೇಡಿ!"

ಕೆಳಗಿನಿಂದ ನಗು ಕೇಳಿಸಿತು. ಚೌಡಮ್ಮ ಕೈಬೀಸಿದಳು. "ಗೊತ್ತು ಕಣೋ ಮಾರಾಯ! ಎಲೆಕ್ಷನ್ ಬಂದಾಗಿಂದ ಅದನ್ನೇ ಕೇಳ್ತಾ ಇದೀವಿ. ನಿಮ್ಮೋರು ಗೆದ್ರೆ ಆನೆ ಓಡಿಸ್ತಾರೆ, ಅಲ್ವಾ?"

"ಅದಲ್ಲ ಚೌಡಕ್ಕ, ಇದು ನಿಜವಾದ ಆನೆ!"

"ಹಂಗಾದ್ರೆ ಬೆಳಿಗ್ಗೆ ಇನ್ನೊಂದು ಪಾರ್ಟಿಯೋರು ಹೇಳಿದ್ದು ಸುಳ್ಳಾನೆಯಾ?" ಎಂದು ಹಿಂದಿನಿಂದ ಇನ್ನೊಬ್ಬಳು ಕೂಗಿದಳು. ಮತ್ತೆ ನಗು. ಹೆಜ್ಜೆ ಮಾತ್ರ ನಿಲ್ಲಲಿಲ್ಲ.

ಗಾಳಿ ಅವರ ಕಡೆಯಿಂದ ಆನೆಯ ಕಡೆಗೆ ಬೀಸುತ್ತಿತ್ತು. ಸಲಗದ ಸೊಂಡಿಲು ನಿಧಾನವಾಗಿ ಮೇಲೆದ್ದು ಅತ್ತ ತಿರುಗಿತು.

ನಾಸಿರ್ ಮೈಕನ್ನು ಸೀಟಿನ ಮೇಲೆಸೆದು ಧುಮುಕಿದ. ಆನೆಯ ಎದುರಿನಲ್ಲೇ, ರಸ್ತೆಯ ಎಡ ಅಂಚು ಹಿಡಿದು ಇಳಿಜಾರಿನಲ್ಲಿ ಓಡಿದ. ಒಂದು ಚಪ್ಪಲಿ ಕಳಚಿ ಹಿಂದೆಯೇ ಉಳಿಯಿತು. ಎರಡೂ ಕೈ ಅಗಲಿಸಿಕೊಂಡು ಓಡಿದ, ಅಷ್ಟೆ.

ಚೌಡಮ್ಮನ ಮುಖದಲ್ಲಿ ನಗು ಆರಿತು. ಹೊರೆ ದಡಕ್ಕನೆ ಕೆಳಗೆ ಬಿತ್ತು. "ಹಿಂದಕ್ಕೆ ಹೋಗ್ರೇ! ಎಲ್ಲಾ ಹಿಂದಕ್ಕೆ!"

ಎಲ್ಲರೂ ಮೋರಿಯ ಮರೆ ಸೇರುವಷ್ಟರಲ್ಲಿ ಬೇಲಿ ಮುರಿದ ಸದ್ದು. ಸಲಗ ರಸ್ತೆಗಿಳಿಯಿತು. ಬಿದ್ದಿದ್ದ ಚಪ್ಪಲಿಯನ್ನು ಮೂಸಿ ನೋಡಿ, ಅದರಿಂದ ತನಗೇನೂ ಆಗಬೇಕಾಗಿಲ್ಲವೆಂಬಂತೆ ದಾಟಿ, ಗದ್ದೆಯ ಕಡೆಗೆ ಇಳಿದು ಹೋಯಿತು.

ಅದು ಮರೆಯಾದ ಮೇಲೆ ಯಾರೋ ಒಬ್ಬಳು ಕಿಸಕ್ಕೆಂದಳು. ಮಿಕ್ಕವರು ಕಣ್ಣೊರೆಸಿಕೊಳ್ಳುತ್ತಲೇ ನಕ್ಕರು. ನಾಸಿರ್ ಮೋರಿಯ ಕಟ್ಟೆಯ ಮೇಲೆ ಕುಳಿತ.

"ನಾಳೆಯಿಂದ ನಾನೇ ಬರ್ತೀನಿ, ಜೀಪು ತಗೊಂಡು," ಎಂದ. ಸ್ವಲ್ಪ ತಡೆದು, "ಮೈಕಲ್ಲಿ ಅಷ್ಟೊಂದು ಬಡ್ಕೊಂಡೆ. ಯಾಕೆ ಚೌಡಕ್ಕ ನಂಬಲಿಲ್ಲ?" ಎಂದು ಕೇಳಿದ.

ಚೌಡಮ್ಮ ಅವನ ಬರಿಗಾಲಿಗೆ ಅಂಟಿದ್ದ ಮಣ್ಣನ್ನು ಸೆರಗಿನಿಂದ ಒರೆಸಿದಳು.

"ಮೈಕ್ ಬುಟ್ಟು ಓಡ್ ಬಂದ್ಯಲ್ಲ, ಆಗ ನಂಬ್ದೆ ಕಣೋ."