ಮುಂದಿನ ಸೀಟಿನ ದನಿ

ಕಾರು ಮನೆಗೆ ಬಂದ ವಾರ ಹೊಸ ಸೊಸೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಅವಳಿಂದ ಕಾರಿಗೆ ಮಾತು ಕಲಿಸುವ ಶಾಸ್ತ್ರ ಎಲ್ಲರ ಮನೆಯಲ್ಲೂ ಇತ್ತು. ಆಮೇಲೆ ಗುಜರಿಗೆ ಹೋಗುವವರೆಗೂ ಕಾರಿಗೆ ಅದೇ ದನಿ. ಶ್ರೀಪಾದನ ಕಾರು ಮುದಿಯಾಗಿ ಕೆಮ್ಮುತ್ತಿತ್ತು, ದನಿ ಮಾತ್ರ ಮದುವೆಯಾದ ಹೊಸತಿನ ಕುಮುದಳದೇ.

ಗ್ಯಾರೇಜಿನ ಝಾಕಿರ್ ಬಾನೆಟ್ ಎತ್ತಿ ನೋಡಿದ. "ಎಂಜಿನ್ ತೆಗೆದು ಬ್ಯಾಟರಿ ಕೂರಿಸಿದ್ರೆ ಇನ್ನೂ ಓಡುತ್ತೆ ಸಾರ್, ದನಿ ಹಾಗೇ ಇರುತ್ತೆ. ಹೊಸ ಮಾಡೆಲ್ ತಗೊಂಡ್ರೆ ಮೇಡಂ ಮತ್ತೆ ಮಾತು ಕಲಿಸ್ಬೇಕು."

"ಕಲಿಸ್ತೀನಿ. ಈ ಸಲ ನನ್ನ ಮಾತು ಕಲಿಸ್ತೀನಿ. ಹೊಸದೇ ತಗೊಳ್ಳೋಣ," ಎಂದಳು ಕುಮುದ.

"ಇದರ ದನಿ ಎಷ್ಟು ಮುದ್ದಾಗಿದೆ ಕಣೇ! ಆಗ ನೀನೂ ಹೀಗೇ ಇದ್ದೆ. ಈಗ ಬಾಯಿ ತೆಗೆದ್ರೆ ಲಾರಿ ಹಾರ್ನು," ಎಂದ ಕಾರಿನೊಳಗೇ ಕೂತಿದ್ದ ಶ್ರೀಪಾದ.

ಕುಮುದ ಕತ್ತು ಬಗ್ಗಿಸಿ, ಸೆರಗನ್ನು ಬೆರಳಿಗೆ ಸುತ್ತಿಕೊಂಡು ಕಾರನ್ನೇ ಅಣಕಿಸಿದಳು: "ನೀವು ಹೇಳಿದ ಹಾಗೇ ಆಗ್ಲಿ, ರೀ."

ಝಾಕಿರ್ ನಕ್ಕುಬಿಟ್ಟ. ಅವಳು ನಗಲಿಲ್ಲ. "ಇದು ಮುದ್ದಲ್ಲ, ಹೆದರಿಕೆ. ಆ ವಾರವೆಲ್ಲ ಹಿಂದಿನ ಸೀಟಲ್ಲಿ ನಿಮ್ಮಮ್ಮ ಕೂತಿದ್ರು."

ಶ್ರೀಪಾದ ಸ್ಟೀರಿಂಗನ್ನು ಸವರುತ್ತ ಕೂತ. ಕೊನೆಗೆ, "ಬ್ಯಾಟರಿನೇ ಹಾಕಪ್ಪ," ಎಂದ.

"ಹಾಗಾದ್ರೆ ನೀವಿಬ್ರೂ ಸುಖವಾಗಿರಿ." ಕುಮುದ ಮನೆಯ ಬೀಗದ ಕೈಯನ್ನು ಅವನ ತೊಡೆಯ ಮೇಲೆ ಹಾಕಿ, ರಸ್ತೆಗಿಳಿದು ಆಟೋ ನಿಲ್ಲಿಸಿದಳು. ಆಟೋದವನಿಗೆ ಹೇಳಿದ್ದು ಬಸ್ ಸ್ಟ್ಯಾಂಡಿನ ದಾರಿ.

"ಕುಮುದಾ! ಎಲ್ಲಿಗೇ?" ಎಂದು ಶ್ರೀಪಾದ ಕೂಗಿದ.

ಆಟೋ ತಿರುಗಿತು. ಹೆಸರು ಕೇಳಿದ ಕಾರು ಓಗೊಟ್ಟಿತು: "ಇಲ್ಲೇ ಇದ್ದೀನಿ, ರೀ."