ರಾಣಿಯ ತುರುಬು

“ಇವಳು ಮಗಳಲ್ಲ ಕಣೆ, ತಾಯಿ,” ಎಂದರು ಮೇಷ್ಟ್ರು, ಕಂಚಿನ ನಾಣ್ಯವನ್ನು ದೀಪಕ್ಕೆ ಓರೆಯಾಗಿ ಹಿಡಿದು. “ಇಬ್ಬರೂ ರೋಮಿನ ರಾಣಿಯರೇ, ಇಬ್ಬರ ಹೆಸರೂ ಫೌಸ್ಟಿನಾ. ಅಕ್ಷರ ಸವೆದುಹೋಗಿದ್ರೆ ತುರುಬು ನೋಡ್ಬೇಕು. ಮಗಳದು ಕತ್ತಿನ ಹತ್ತಿರ, ತಾಯೀದು ನೆತ್ತಿ ಮೇಲೆ.”

ಅವರು ಪಾಠ ಹೇಳುವ ಮೇಷ್ಟ್ರಲ್ಲ. ವಸ್ತುಸಂಗ್ರಹಾಲಯದ ಹಿಂದಿನ ಕೋಣೆಯಲ್ಲಿ ಕೂತು, ಮಣ್ಣಿನಿಂದ ಎದ್ದು ಬಂದ ನಾಣ್ಯ ಯಾವ ದೊರೆಯದು, ಯಾವ ರಾಣಿಯದು ಎಂದು ಗುರುತಿಸುವುದು ಅವರ ಕೆಲಸ. ಹಸಿರು ಕಿಲುಬಿನ ನಡುವೆಯೇ ತಲೆ ಹಣ್ಣಾದ ಅವರಿಗೆ ಜೊತೆಯವರು ಕಿಲುಬು ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಮಧ್ಯಾಹ್ನ ಮಗಳ ಮದುವೆ ರಿಜಿಸ್ಟರ್ ಆಗುವುದಿದ್ದರೂ ಈ ಮನುಷ್ಯ ಬೆಳಿಗ್ಗೆಯೇ ಇಲ್ಲಿಗೆ ಬಂದು ಕೂತಿದ್ದರು. ಮದುಮಗಳೇ ಬಾಚಣಿಗೆ, ಪಿನ್ನು ಹಿಡಿದು ಅವರನ್ನು ಹುಡುಕಿಕೊಂಡು ಬರಬೇಕಾಯಿತು.

“ಅಪ್ಪಾ, ನಿಮ್ಮ ರಾಣಿಯರು ಎಲ್ಲಿಗೂ ಓಡಿಹೋಗಲ್ಲ. ಅಮ್ಮ ಹೇಗೆ ತುರುಬು ಕಟ್ಕೊಳ್ತಿದ್ಲು, ಹೇಳಿ. ಇವತ್ತು ನಂಗೆ ಹಾಗೇ ಬೇಕು.”

ಅಮ್ಮ ತೀರಿಹೋದಾಗ ಅವಳಿನ್ನೂ ಅಂಬೆಗಾಲಿಡುವ ಕೂಸು. ಮನೆಯಲ್ಲಿದ್ದ ಒಂದೇ ಫೋಟೋದಲ್ಲಿ ಅಮ್ಮ ಚಳಿಗೆ ತಲೆತುಂಬ ಬಟ್ಟೆ ಸುತ್ತಿಕೊಂಡು ನಗುತ್ತಿದ್ದಳು. ನೆನಪೇ ಇಲ್ಲದ ತಾಯಿಗಾಗಿ ಹಂಬಲಿಸಿ ಬೆಳೆದ ಹುಡುಗಿ, ಇವತ್ತೊಂದು ದಿನವಾದರೂ ಕನ್ನಡಿಯಲ್ಲಿ ಅವಳನ್ನು ಕಾಣಬೇಕೆಂದು ಆಸೆಪಟ್ಟಿದ್ದಳು. ಅದು ಮೇಷ್ಟ್ರಿಗೂ ಗೊತ್ತಿತ್ತು.

“ನೆತ್ತಿ ಮೇಲೆ,” ಎಂದರು ತಟ್ಟನೆ. “ಸಣ್ಣ ಸಣ್ಣ ಜಡೆ ಹೆಣೆದು, ಸಿಂಬಿ ಸುತ್ತಿದ ಹಾಗೆ ಸುತ್ತಿಡ್ತಿದ್ಲು.”

ಮಗಳ ಮುಖ ಅರಳಿತು. ನಿಂತಲ್ಲೇ ಎರಡು ಜಡೆ ಹೆಣೆದಳು. ಇನ್ನೊಂದಕ್ಕೆ ಕೂದಲು ಎತ್ತಿಕೊಂಡವಳು, ಯಾಕೋ ಬಗ್ಗಿ ಭೂತಗನ್ನಡಿಯಲ್ಲಿ ಅಪ್ಪನ ಕೈಲಿದ್ದ ನಾಣ್ಯ ನೋಡಿದಳು.

“ಅಪ್ಪಾ, ನೀವು ಹೇಳಿದ್ದು ಇವಳ ತುರುಬು.”

ಹೌದು, ರಾಣಿಯದೇ. ಮೇಷ್ಟ್ರು ಗಾಬರಿಯಾಗಿ ಕಣ್ಣು ಮುಚ್ಚಿದರು. ಒಲೆಯ ಮುಂದೆ, ಬಾಗಿಲ ಬಳಿ, ಬೀದಿಯ ತಿರುವಿನಲ್ಲಿ ಹೆಂಡತಿಯನ್ನು ಹಿಂದಿನಿಂದ ನೋಡಲು ಹೆಣಗಿದರು. ಎಲ್ಲಿಯೂ ತುರುಬು ಸಿಗಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಹಾಗಾಯಿತು. ಎಂದೋ ಸತ್ತ ರಾಣಿಯರ ಜಡೆಯೆಲ್ಲ ಬಲ್ಲವರಿಗೆ ತಮ್ಮವಳದೇ ಗೊತ್ತಿಲ್ಲ. ಅವಳು ಒಂದು ಗಳಿಗೆ ಬಂದು ಬೆನ್ನು ತಿರುಗಿಸಿ ನಿಂತು ಹೋದರೆ ಸಾಕು, ಬೇರೇನೂ ಬೇಡ ಎನಿಸಿತು.

“ಮರೆತುಬಿಟ್ರಾ?” ಮಗಳ ದನಿ ಸಣ್ಣಗಾಗಿತ್ತು.

“ನೋಡಿದ್ರೆ ತಾನೆ ಮರೆಯೋದು?” ಮೇಷ್ಟ್ರು ನಾಣ್ಯ ಕೆಳಗಿಟ್ಟರು. “ಮನೇಲೂ ಇವನ್ನೇ ಹರಡ್ಕೊಂಡು ಕೂತಿರ್ತಿದ್ದೆ. ಯಾವಾಗ ತಲೆ ಎತ್ತಿದ್ರೂ ನಿಮ್ಮಮ್ಮ ನನ್ನ ಕಡೆಗೇ ಮುಖ ಮಾಡಿ ಕೂತಿರೋಳು ಕಣೆ.”